ಕಪ್ಪಿಗಿಂತ ಬಿಳಿಗೇ ಹೆಚ್ಚು ಬಣ್ಣ: ಅಮೂರ್ತ ಚಿತ್ರದಲ್ಲಿ ನನ್ನ ಅನುಭವ

ಬಣ್ಣವಿಲ್ಲದೆ ಭಾವ ಹುಟ್ಟುವುದಿಲ್ಲ, ಕಪ್ಪು-ಬಿಳುಪಿನ ಅಮೂರ್ತವನ್ನು ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ ಎನ್ನುತ್ತಿದ್ದವರೇ ಈಗ ಹೇಗೆ ಮಾಡುತ್ತೀರಿ ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಇದು.

ಬಿಳಿಯನ್ನು ಖಾಲಿ ಬಿಡಬೇಡಿ, ಬಳಿಯಿರಿ. ಅಮೆರಿಕದ ಅಮೂರ್ತ ಚಿತ್ರಕಾರ ಫ್ರಾಂಜ್ ಕ್ಲೈನ್ 1950ರ ದಶಕದಲ್ಲಿ ಮಾಡಿದ್ದು ಇದನ್ನೇ. ಅವರ ದಪ್ಪ ಕಪ್ಪು ಪಟ್ಟಿಗಳನ್ನು ಅನುಕರಿಸುವವರು ಆ ಪಟ್ಟಿಗಳ ಮೇಲೇರಿ ಬಂದ ಬಿಳಿಯನ್ನು ಗಮನಿಸುವುದೇ ಇಲ್ಲ. ಒಣಗಿದ ಕಪ್ಪಿನ ಅಂಚನ್ನು ದಪ್ಪ ಬಿಳಿಯಿಂದ ಕೊಯ್ದರೆ ಸಿಟ್ಟು ಬರುತ್ತದೆ. ಎರಡೂ ಹಸಿಯಿರುವಾಗ ಒಂದರೊಳಗೆ ಇನ್ನೊಂದನ್ನು ಎಳೆದರೆ ದುಃಖ. ಎರಡು ದೊಡ್ಡ ಕಪ್ಪುಗಳ ನಡುವೆ ಬೆರಳಗಲದ ಬಿಳಿ ಸೀಳು ಉಳಿಸಿದರೆ ಭಯ. ಈ ಸೀಳಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಡಿ, ಅಂಚು ಅಚ್ಚು ಹಾಕಿದ ಹಾಗಾಗಿ ಜೀವ ಹೋಗುತ್ತದೆ. ಬಣ್ಣ ಹಚ್ಚುವ ಪೇಂಟಿಂಗ್ ನೈಫೇ ಸಾಕು.

ನಾನು ಬಳಸುವುದು ಅಕ್ರಿಲಿಕ್. ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ತಳಪದರ ಜೆಸ್ಸೊ ಎರಡು ಕೋಟ್, 220ರ ಮರಳು ಕಾಗದದ ಉಜ್ಜು, ಮೇಲೆ ಮಾರ್ಸ್ ಬ್ಲ್ಯಾಕ್ ಎಂಬ ಕಪ್ಪು. ಐವರಿ ಬ್ಲ್ಯಾಕ್ ಅರೆಪಾರದರ್ಶಕ, ಅಡಿಯ ಬಿಳಿ ಇಣುಕುತ್ತದೆ. ಮಾರ್ಸ್ ಒಂದೇ ಕೈಗೆ ಮುಚ್ಚುತ್ತದೆ, ಬಿಳಿಯೊಡನೆ ಬೆರೆತಾಗ ಬೂದು ಕೊಂಚ ಕಂದಿಗೆ ವಾಲುತ್ತದೆ. ದುಃಖಕ್ಕೆ ನನಗೆ ಬೇಕಾದ ಬೂದು ಅದೇ. ಪ್ಯಾಲೆಟ್ಟಿನಲ್ಲಿ ಬೂದು ಕಲಸುವುದಿಲ್ಲ, ಎಳೆತದಲ್ಲೇ ಹುಟ್ಟಬೇಕು.

ಕೈಕೊಡುವುದು ಈ ಎಳೆತವೇ. ಬೆಂಗಳೂರಿನ ಮಾರ್ಚ್-ಏಪ್ರಿಲ್‌ನಲ್ಲಿ ಹತ್ತು ನಿಮಿಷಕ್ಕೆಲ್ಲ ಬಣ್ಣದ ಮೇಲೆ ಪೊರೆ ಕಟ್ಟುತ್ತದೆ. ಆಮೇಲೆ ಎಳೆದರೆ ಪೊರೆ ಹರಿದು ಗಂಟು ಗಂಟಾಗಿ, ಇಡೀ ಕ್ಯಾನ್ವಾಸ್ ಹಾಳು. ಬಣ್ಣದ ಹತ್ತನೇ ಒಂದು ಪಾಲು ರಿಟಾರ್ಡರ್, ಅಂದರೆ ಒಣಗುವುದನ್ನು ನಿಧಾನಿಸುವ ದ್ರವ, ಹಾಕಿ. ಜಾಸ್ತಿ ಹಾಕಿದರೆ ದಿನಗಟ್ಟಲೆ ಅಂಟಂಟಾಗಿಯೇ ಇದ್ದು ಧೂಳು ಹಿಡಿಯುತ್ತದೆ. ಎಳೆಯಲು ಹಾರ್ಡ್‌ವೇರ್ ಅಂಗಡಿಯ ಕಿಟಕಿ ವೈಪರ್ ಸಾಕು, ಒಂದಡಿಯದು. ಸುಮಾರು 45 ಡಿಗ್ರಿಗೆ ವಾಲಿಸಿ ಒಂದೇ ಉಸಿರಿಗೆ ಎಳೆಯಿರಿ, ಕೊನೆಗೆ ಒತ್ತಡ ಸಡಿಲಿಸಿ. ನಡುವೆ ನಿಂತರೆ ಅಡ್ಡ ಗೆರೆ ಏಳುತ್ತದೆ, ಒಣಗಿದ ಮೇಲೆ ಅದು ಹೋಗುವುದಿಲ್ಲ. ರಬ್ಬರಿನ ಅಂಚಿಗೆ ನಾನು ಮಾಡಿಕೊಳ್ಳುವ ತಯಾರಿಯೊಂದಿದೆ. ಅದು ನನ್ನಲ್ಲೇ ಇರಲಿ.

ಮೂರು-ನಾಲ್ಕು ಅಡಿಯ ಕ್ಯಾನ್ವಾಸಿಗೆ ಕಪ್ಪು 150 ಮಿ.ಲೀ. ಆದರೆ ಟೈಟಾನಿಯಂ ವೈಟ್ 400ರ ಹತ್ತಿರ ಹೋಗುತ್ತದೆ. ಸ್ಟ್ರೆಚರ್ (ಬಟ್ಟೆ ಬಿಗಿಯುವ ಮರದ ಚೌಕಟ್ಟು), ಬಟ್ಟೆ, ಬಣ್ಣ ಎಲ್ಲ ಸೇರಿ ಮೂರು ಸಾವಿರ ರೂಪಾಯಿಯ ಆಚೀಚೆ. ಉಳಿತಾಯ ಮಾಡುವುದಿದ್ದರೆ ಜೆಸ್ಸೊದಲ್ಲಿ ಮಾಡಿ, ಬಿಳಿಯಲ್ಲಿ ಬೇಡ. ಅಗ್ಗದ ಬಿಳಿ ಕಪ್ಪನ್ನು ಮುಚ್ಚಲು ಮೂರು ಕೋಟ್ ಕೇಳುತ್ತದೆ, ಅಷ್ಟರಲ್ಲಿ ಅಂಚಿನ ಬಿರುಸು ಸತ್ತಿರುತ್ತದೆ.

ವಾರ್ನಿಶ್ ಇನ್ನೊಂದು ಗಂಡಾಂತರ. ಹೊಳಪಿಲ್ಲದ ಮ್ಯಾಟ್ ದಪ್ಪವಾದರೆ ಕಪ್ಪಿನ ಮೇಲೆ ಹಾಲು ಚೆಲ್ಲಿದ ಹಾಗೆ ಮಸುಕು ಕೂರುತ್ತದೆ. ಬರೀ ಹೊಳಪಿನ ಗ್ಲಾಸಿ ವಾರ್ನಿಶ್ ಆದರೆ ಚಿತ್ರಸಂತೆಯ ಬಿಸಿಲಲ್ಲಿ ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಮೊದಲು ಗ್ಲಾಸಿ, ಒಣಗಿದ ಮೇಲೆ ಮ್ಯಾಟ್‌ನ ಒಂದೇ ತೆಳು ಕೋಟ್.

ಹರಳೆಣ್ಣೆ ದೀಪದ ಮಸಿಯನ್ನೂ ಗೋಂದಿನಲ್ಲಿ ಅರೆದು ನೋಡಿದೆ. ಮಸಿ ನೀರಿಗೆ ಬೆರೆಯದೆ ತೇಲುತ್ತದೆ, ಮೊದಲು ಕೆಲವು ಹನಿ ಸ್ಪಿರಿಟ್‌ನಲ್ಲಿ ನೆನೆಸಿದರೆ ಸರಿಹೋಗುತ್ತದೆ. ಕಾಗದದ ಮೇಲೆ ಆ ಕಪ್ಪಿನ ಆಳವೇ ಬೇರೆ, ಯಾವ ಟ್ಯೂಬೂ ಅದನ್ನು ಕೊಡುವುದಿಲ್ಲ. ಆದರೆ ಮಳೆಗಾಲದಲ್ಲಿ ಗೋಂದು ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಜೂನ್‌ಗೆ ಮುಂಚೆ ಗಾಜು ಹಾಕಿಸಿಬಿಡಿ.