ಅಮ್ಮ ಬರೆದ ಚಿತ್ತಾರದ ಮೇಲೆ ಕೆಮ್ಮಣ್ಣು ಬಳಿದೆ

ಅಮ್ಮ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಕೊರೊನಾದ ಎರಡನೇ ಅಲೆ. ಕೊನೆಗೆ ಮುಖ ನೋಡಲು ಸಿಕ್ಕಿದ್ದು ಅಣ್ಣನಿಗೆ ಮಾತ್ರ, ಅದೂ ದೂರದಿಂದ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಇಲ್ಲ. ಹಾಗಾಗಿ ಭೂಮಿ ಹುಣ್ಣಿಮೆ ಬಂದರೂ ನಮ್ಮ ಬುಟ್ಟಿ ಹೊರಗೆ ಬರಲಿಲ್ಲ.

ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಲೆನಾಡಿನ ದೀವರು ಎಂಬ ಸಮುದಾಯದ ಮನೆಯ ಮಗಳು. ನಮ್ಮ ಕಡೆಯವರಿಗೆ ಈ ಬುಟ್ಟಿಯ ವಿಷಯ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಸ್ವಲ್ಪ ಹೇಳುತ್ತೇನೆ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು ಅಲ್ವಾ? ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಗಂಡಸರು ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತಾರೆ. ಬಿದಿರಿನ ಬುಟ್ಟಿ, ದೊಡ್ಡದೊಂದು, ಚಿಕ್ಕದೊಂದು. ಅದರ ಮೇಲೆ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ನಮ್ಮಲ್ಲಿ ಚಿತ್ತಾರ 'ಬಿಡಿಸುವುದು' ಅನ್ನುವುದಿಲ್ಲ. 'ಬರೆಯುವುದು' ಅನ್ನುತ್ತಾರೆ. ಮದುವೆಗೆ ಗೋಡೆ ಮೇಲೆ ಹಸೆ ಬರೆಯುತ್ತಾರೆ, ಹುಣ್ಣಿಮೆಗೆ ಬುಟ್ಟಿ ಬರೆಯುತ್ತಾರೆ.

ಅಮ್ಮ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರು ಬಿಟ್ಟ ಜಾಗಕ್ಕೆ ಚುಕ್ಕಿ ಇಡುತ್ತಿದ್ದೆ. ಅಷ್ಟೇ ನನ್ನ ಕಲಿಕೆ. ಆಮೇಲೆ ನಾನು ಚಿತ್ರಕಲೆ ಓದಲು ಹೋದೆ. ಶೇಡಿಂಗ್ ಕಲಿತೆ, ವಾಟರ್ ಕಲರ್ ಕಲಿತೆ, ದೂರ ಹತ್ತಿರದ ಲೆಕ್ಕ ಕಲಿತೆ. ಕೆಲಸಕ್ಕೆ ಸೇರಿದ ಮೇಲೆ ಮಕ್ಕಳಿಗೆ ಅದನ್ನೇ ಕಲಿಸಿದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಚಿತ್ತಾರವನ್ನು ಕ್ಲಾಸಿಗೆ ಒಯ್ದಿರಲಿಲ್ಲ. ಅದು ಮನೆಯದ್ದು, ಶಾಲೆಯದ್ದಲ್ಲ ಎಂದು ನನ್ನೊಳಗೆ ಎಲ್ಲೋ ಕೂತಿತ್ತು. ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ.

ಆ ವರ್ಷ ಮಳೆಗಾಲದ ಕೊನೆಗೆ ಶಾಲೆ ಮತ್ತೆ ತೆರೆಯಿತು. ಮಕ್ಕಳು ಮೊದಲಿನ ಹಾಗಿರಲಿಲ್ಲ. ಒಂದು ಡ್ರಾಯಿಂಗ್ ಪೀರಿಯಡ್‌ನಲ್ಲಿ 'ನಿಮಗೆ ಇಷ್ಟ ಬಂದದ್ದು ಬರೆಯಿರಿ' ಎಂದೆ. ಎಲ್ಲರೂ ಬರೆದದ್ದು ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ನಮ್ಮೂರಿನಲ್ಲಿ ಎತ್ತ ನೋಡಿದರೂ ಅಡಿಕೆ ಮರ. ಒಬ್ಬ ಹುಡುಗ ಮಾತ್ರ ಹಾಳೆಯನ್ನು ಖಾಲಿ ಕೊಟ್ಟ. ಅವನ ಅಪ್ಪ ಬಯಲುಸೀಮೆಯಿಂದ ಗಾರೆ ಕೆಲಸಕ್ಕೆ ಬಂದವರು. ಹುಡುಗ ಮಾತಾಡುವುದೇ ಕಡಿಮೆ. ನಾನೂ ಏನೂ ಕೇಳಲಿಲ್ಲ. ನನ್ನ ಮನಸ್ಸೂ ಆ ಹಾಳೆಯ ಹಾಗೇ ಇತ್ತು.

ಮಹಾನವಮಿ ಹತ್ತಿರ ಬಂದಾಗ ಒಂಬತ್ತನೇ ಕ್ಲಾಸಿನ ಒಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಅವರ ಮನೆಯ ಚಿಕ್ಕ ಬುಟ್ಟಿ. ಅದನ್ನು ಬರೆಯುತ್ತಿದ್ದದ್ದು ಅವಳ ಅಜ್ಜಿ. ಅಜ್ಜಿ ತೀರಿ ವರ್ಷ ಕಳೆದಿತ್ತು. ಅವಳ ಅಮ್ಮನಿಗೆ ಬರುವುದಿಲ್ಲ.

'ಟೀಚರ್, ನೀವು ಬರೆದುಕೊಡ್ತೀರಾ?'

'ಈ ವರ್ಷ ನಾನು ಬುಟ್ಟಿ ಮುಟ್ಟೋ ಹಾಗಿಲ್ಲ ಕಣೇ.'

ಅವಳು ತಿರುಗಿ ಹೊರಟಳು. ಅವಳ ಜಡೆ ಕಾಣುವ ತನಕ ಸುಮ್ನೆ ಕೂತಿದ್ದೆ. ಆಮೇಲೆ ಎದ್ದು ಹೋಗಿ ಕರೆದೆ. 'ನಾನು ಮುಟ್ಟಲ್ಲ. ಪಕ್ಕದಲ್ಲಿ ಕೂತು ಹೇಳ್ತೀನಿ, ನೀನೇ ಬರಿ.'

ಹೀಗೆ ಶುರುವಾಯಿತು. ಕಲಿಸುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆಗಲೇ. ಅಮ್ಮ ಯಾವತ್ತೂ ಅಳತೆ ಹೇಳಿದವರಲ್ಲ. ಅಕ್ಕಿ ಎಷ್ಟು ಎಂದರೆ 'ಬೇಕಾದಷ್ಟು', ನೀರು ಎಷ್ಟು ಎಂದರೆ 'ಹಿಡಿದಷ್ಟು'. ಹಾಗಾಗಿ ನಾನೇ ಮಾಡಿ ನೋಡಬೇಕಾಯಿತು.

ಬಿಳಿಗೆ ಅಕ್ಕಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ರುಬ್ಬಬೇಕು. ನಾನು ಮೊದಲ ಸಲ ಮಿಕ್ಸಿಯಲ್ಲಿ ರುಬ್ಬಿದೆ, ಸೋಸಲಿಲ್ಲ. ತರಿ ಉಳಿದು ನಾರಿನ ಕುಂಚಕ್ಕೆ ಸಿಕ್ಕಿಕೊಂಡಿತು, ಎಳೆ ಮಧ್ಯೆ ಮಧ್ಯೆ ಕಡಿಯಿತು. ಆಮೇಲೆ ಹಳೆ ಪಂಚೆಯಲ್ಲಿ ಸೋಸಿದೆ. ಹಿಟ್ಟು ತೆಳು ಮಜ್ಜಿಗೆಗಿಂತ ಸ್ವಲ್ಪ ದಪ್ಪ ಇದ್ದರೆ ಸರಿ. ಒದ್ದೆಯಾಗಿದ್ದಾಗ ಎಳೆ ಕಾಣುವುದೇ ಇಲ್ಲ. ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಬಣ್ಣ ಹತ್ತಿಲ್ಲ ಎಂದು ಮೇಲೆ ಮೇಲೆ ಬಳಿದು ಹಾಳು ಮಾಡಿಕೊಳ್ಳುತ್ತಾರೆ. ಎರಡನೇ ದಿನಕ್ಕೆ ಹಿಟ್ಟು ಹುಳಿಯುತ್ತದೆ, ಕ್ಲಾಸ್ ತುಂಬ ವಾಸನೆ. ಆ ದಿನಕ್ಕೆ ಬೇಕಾದಷ್ಟೇ ರುಬ್ಬಿಕೊಳ್ಳುವುದು ಒಳ್ಳೆಯದು.

ಕಪ್ಪಿಗೂ ಅಕ್ಕಿಯೇ. ಕಬ್ಬಿಣದ ಬಾಣಲೆಯಲ್ಲಿ ಕರಕಲಾಗುವ ತನಕ ಹುರಿದು, ನೆನೆಸಿ, ರುಬ್ಬುವುದು. ಒಂದೇ ಅಕ್ಕಿ ಬಿಳಿಯೂ ಆಗುತ್ತದೆ, ಕಪ್ಪೂ ಆಗುತ್ತದೆ. ಮಕ್ಕಳಿಗೆ ಇದು ತುಂಬ ಇಷ್ಟವಾಯಿತು. ಹಳದಿಗೆ ಗುರಿಗೆ ಕಾಯಿ. ಅದನ್ನು ಹುಡುಕಲು ಎರಡು ಭಾನುವಾರ ಕಾಡಿನಂಚು ಅಲೆದೆವು. ಅಷ್ಟಾಗಿ ಸಿಕ್ಕಿದ್ದು ಒಂದು ಹಿಡಿ.

ಕುಂಚಕ್ಕೆ ಪುಂಡಿ ನಾರು. ಅಂಗಡಿಯ ಬ್ರಷ್‌ನಲ್ಲಿ ಚಿತ್ತಾರ ಬರೆಯಲು ಹೋದರೆ ಕೈ ನಡುಗಿದ್ದೆಲ್ಲ ಗೋಡೆ ಮೇಲೆ ಕಾಣುತ್ತದೆ. ಪುಂಡಿ ನಾರು ಉದ್ದ ಇರುತ್ತದೆ. ಅದರ ತುದಿಯಲ್ಲಿ ಬರೆಯುವುದಲ್ಲ, ಹಿಟ್ಟಿನಲ್ಲಿ ಅದ್ದಿದ ನಾರನ್ನೇ ಮಲಗಿಸಿ ನಿಧಾನ ಎಳೆಯುವುದು. ಎಳೆಯುವಾಗ ಮಾತಾಡಬಾರದು. ಅಮ್ಮ ಹಾಡುತ್ತಿದ್ದರಲ್ಲ, ಹಾಡುತ್ತ ಬರೆಯಬಹುದು, ಮಾತಾಡುತ್ತ ಆಗುವುದಿಲ್ಲ. ಏಕೆ ಎಂದು ನನಗೆ ಮಾಡಿದ ಮೇಲೆ ತಿಳಿಯಿತು: ಹಾಡುವಾಗ ಉಸಿರು ಒಂದೇ ಸಮ ಹೋಗುತ್ತದೆ.

ಬರೆಯುವ ಮೊದಲು ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಬೇಕು. ಅದರ ಮೇಲೆ ಕೆಮ್ಮಣ್ಣು. ಶಾಲೆಯಲ್ಲಿ ನಾವು ಹಳೆ ರಟ್ಟಿನ ಮೇಲೆ ಅಭ್ಯಾಸ ಮಾಡಿದೆವು. ಮಣ್ಣು ದಪ್ಪ ಬಳಿದದ್ದೆಲ್ಲ ಮಾರನೇ ದಿನಕ್ಕೆ ಬಿರುಕು ಬಿಟ್ಟಿತು. ಒಂದು ರಟ್ಟು ಮಾತ್ರ ಗಾಜಿನ ಹಾಗೆ ನುಣ್ಣಗಿತ್ತು. ಯಾರದ್ದು ಎಂದು ತಿರುಗಿಸಿ ಹೆಸರು ನೋಡಿದೆ. ಖಾಲಿ ಹಾಳೆ ಕೊಟ್ಟ ಹುಡುಗನದ್ದು.

'ಹೆಂಗೆ ಮಾಡ್ದೆ?'

'ಬಟ್ಟೀಲಿ ಸೋಸಿದೆ ಟೀಚರ್. ಮೊದ್ಲು ತೆಳ್ಳಗೆ ಒಂದ್ಸಲ, ಒಣಗಿದ ಮ್ಯಾಲೆ ಇನ್ನೊಂದ್ಸಲ. ನಮ್ಮಪ್ಪ ಗ್ವಾಡಿಗೆ ಹಂಗೇ ಮಾಡ್ತಾರ.'

ಅವತ್ತಿನಿಂದ ಎಲ್ಲರ ರಟ್ಟಿಗೂ ಮಣ್ಣು ಹಚ್ಚುವ ಕೆಲಸ ಅವನದ್ದು. ಅವನ ಹತ್ತಿರ ಮಕ್ಕಳು ಸಾಲು ನಿಂತರು. ಸಾಲಿನಲ್ಲಿ ನಿಂತವರ ಜೊತೆ ಮಾತಾಡದೆ ಇರಲು ಆಗುತ್ತದಾ?

ಆ ಹುಡುಗಿ ತನ್ನ ಬುಟ್ಟಿಯನ್ನು ನಾಲ್ಕು ದಿನ ಬರೆದಳು. ಭತ್ತದ ತೆನೆ, ಏಣಿ, ಗೊಂಬೆಗಳ ಸಾಲು. ಒಂದು ಏಣಿ ಸೊಟ್ಟ ಹೋಯಿತು. ಒದ್ದೆ ಬಟ್ಟೆ ಹುಡುಕುತ್ತಿದ್ದಳು. ನನ್ನ ಬಾಯಿಂದ ಅಮ್ಮನ ಮಾತು ಹೊರಬಂತು: 'ಅಳ್ಸಬ್ಯಾಡ ಮಾರಾಯ್ತಿ, ಪಕ್ಕದ ಎಳೇನ ಅದಕ್ಕೆ ಹೊಂದಿಸ್ಕ್ಯಂಡು ಎಳಿ.' ಅಮ್ಮ ಹೋದ ಮೇಲೆ ಅವರ ದನಿ ನನಗೆ ನೆನಪಾಗುತ್ತಿರಲಿಲ್ಲ. ಫೋನಿನಲ್ಲಿದ್ದ ವಿಡಿಯೊ ಹಾಕಿದರೂ ಯಾರೋ ಬೇರೆಯವರ ದನಿ ಅನ್ನಿಸುತ್ತಿತ್ತು. ಅವತ್ತು ನನ್ನದೇ ಗಂಟಲಲ್ಲಿ ಕೇಳಿಸಿತು. ಸ್ಟಾಫ್ ರೂಮಿಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ನಮ್ಮ ಮನೆಯ ಬುಟ್ಟಿಯ ಕಥೆ ಬೇರೆ.

ಅದರ ಮೇಲೆ ಇದ್ದದ್ದು 2020ರಲ್ಲಿ ಅಮ್ಮ ಬರೆದ ಚಿತ್ತಾರ. ಅವರ ಕೊನೆಯದು. ಅದು ಹಾಳಾಗಬಾರದು ಎಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿ ಕಟ್ಟಿ, ಬೀರುವಿನ ಮೇಲೆ ಇಟ್ಟಿದ್ದೆ. 2022ರ ಹಬ್ಬ ಬಂತು. ಈಗ ಬುಟ್ಟಿ ಬರೆಯಬಹುದು. ಆದರೆ ಬುಟ್ಟಿ ಬರೆಯುವುದು ಎಂದರೆ ಹಳೆಯದರ ಮೇಲೆ ಸಗಣಿ, ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುವುದು. ಪ್ರತಿ ವರ್ಷ ಹಾಗೆಯೇ. ಅಮ್ಮನ ಎಳೆಗಳನ್ನು ನನ್ನ ಕೈಯಿಂದಲೇ ಮುಚ್ಚಬೇಕು. ನನ್ನಿಂದ ಆಗುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಹೊಸ ಬುಟ್ಟಿ ತರೋಣ ಎಂದೆ. ಅವನು ಏನೂ ಹೇಳಲಿಲ್ಲ.

ಕವರ್ ಬಿಚ್ಚಿದೆ. ಒಳಗೆಲ್ಲ ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟರೆ ಏನಾಗುತ್ತದೆ ಎಂದು ಅಷ್ಟು ವರ್ಷ ಇಲ್ಲಿಯೇ ಬದುಕಿದ ನನಗೆ ಹೊಳೆದಿರಲಿಲ್ಲ. ತಳದಲ್ಲಿ ಹಳದಿ ಪುಡಿ ಉದುರಿತ್ತು, ಬಿದಿರಿಗೆ ಕುಟ್ಟೆ ಹಿಡಿದಿತ್ತು. ಅಮ್ಮನ ಬಿಳಿ ಎಳೆಗಳು ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿದ್ದವು. ಜಗುಲಿಯಲ್ಲಿ ಕೂತು ಅತ್ತೆ.

ಪಕ್ಕದ ಮನೆಯ ದೊಡ್ಡಮ್ಮ ಬಂದರು. ಬುಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದರು. 'ಉಸಿರು ಕಟ್ಟಿಸಿ ಇಟ್ಟೀಯಲ್ಲೇ ಇದನ್ನ. ಬುಟ್ಟಿಗೆ ವರ್ಷಕ್ಕೊಂದ್ಸಲ ಸಗಣಿ ಬೇಕು, ಅಟ್ಟದ ಹೊಗೆ ಬೇಕು. ನಿನ್ನಮ್ಮ ಇದನ್ನ ಇಷ್ಟು ವರ್ಷ ಹ್ಯಾಂಗೆ ಉಳಿಸಿದ್ಲು ಅಂದ್ಕಂಡೀ?'

ಅವರು ಹೇಳಿದ ಮೇಲೆ ಒಡೆದಿದ್ದ ಅಂಚಿನ ಕಡೆ ನೋಡಿದೆ. ಅಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು. ಕೆಂಪು, ಅದರ ಕೆಳಗೆ ಸಗಣಿಯ ಕಂದು, ಮತ್ತೆ ಕೆಂಪು, ಒಂದೊಂದು ಕಡೆ ಕೂದಲೆಳೆಯಷ್ಟು ಬಿಳಿ. ಅಮ್ಮನ ಕೊನೆಯ ಚಿತ್ತಾರದ ಕೆಳಗೆ ಅದರ ಹಿಂದಿನದ್ದು, ಅದರ ಕೆಳಗೆ ಇನ್ನೊಂದು. ಬಹುಶಃ ನಾನು ಹುಡುಗಿಯಾಗಿದ್ದಾಗ ಇಟ್ಟ ಚುಕ್ಕಿಗಳೂ ಅಲ್ಲೇ ಇದ್ದವು.

ನನ್ನಜ್ಜಿಯ ಕಥೆ ನೆನಪಾಯಿತು. ಅಮ್ಮ ಹುಟ್ಟಿದ ಊರು ಶರಾವತಿಯ ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೆ ಮೊದಲೇ ಅಜ್ಜಿ ಮನೆಯವರು ಲಾರಿ ಹತ್ತಿ ಹೊರಟಿದ್ದರು. ಪಾತ್ರೆ ತಂದರು, ದನ ತಂದರು, ಬುಟ್ಟಿ ತಂದರು. ಹಸೆ ಬರೆದ ಗೋಡೆ ತರಲು ಆಗಲಿಲ್ಲ. ಹೊಸ ಜಾಗದಲ್ಲಿ ಮೊದಲ ವರ್ಷ ಮನೆಗೆ ಗೋಡೆಯೇ ಇರಲಿಲ್ಲ, ಬಿದಿರು ತಟ್ಟಿ. ಅಜ್ಜಿ ಆ ತಟ್ಟಿಗೆ ಮಣ್ಣು ಮೆತ್ತಿ, ಸಾರಿಸಿ, ಅದರ ಮೇಲೆ ಹಳೆ ಗೋಡೆಯ ಹಸೆಯನ್ನೇ ಬರೆದರಂತೆ. ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದ ವರ್ಷ ಮಡೆನೂರಿನ ಹಳೆ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಮ್ಮ ಒಮ್ಮೆಯೂ ಬರಲಿಲ್ಲ. 'ಅಲ್ಲಿ ಏನೈತೆ ನೋಡಕೆ?' ಎನ್ನುತ್ತಿದ್ದರು. ಮನೆಯಲ್ಲಿ ಮದುವೆ ಬಂದಾಗ ಮಾತ್ರ ಅಜ್ಜಿ ಬರೆದ ಆ ಹಸೆಯನ್ನೇ ಗೋಡೆಗೆ ಬರೆಯುತ್ತಿದ್ದರು.

ಮಾರನೇ ದಿನ ಬುಟ್ಟಿಯನ್ನು ಬಿಸಿಲಿಗಿಟ್ಟೆ. ಬೇವಿನ ಎಲೆಯ ಹೊಗೆ ಹಾಕಿದೆ. ಅಮ್ಮನ ಚಿತ್ತಾರದ ಫೋಟೊ ಎಲ್ಲ ಕಡೆಯಿಂದ ತೆಗೆದುಕೊಂಡೆ. ಆಮೇಲೆ ಸಗಣಿ ಕಲಸಿದೆ. ಮೊದಲ ಹಿಡಿ ಎತ್ತಿಕೊಂಡು ತುಂಬ ಹೊತ್ತು ಹಾಗೇ ಕೂತಿದ್ದೆ. ಕೈಯಲ್ಲಿ ಸಗಣಿ ಒಣಗತೊಡಗಿತು. ತಳದಿಂದ ಶುರು ಮಾಡಿದೆ, ಅಮ್ಮ ಹಾಗೆಯೇ ಮಾಡುತ್ತಿದ್ದರು. ಬೆರಳಿಗೆ ಅವರ ಎಳೆಗಳ ಉಬ್ಬು ತಾಗುತ್ತಿತ್ತು. ಕಣ್ಣು ಮುಚ್ಚಿದರೂ ಯಾವುದು ಏಣಿ, ಯಾವುದು ತೆನೆ ಎಂದು ತಿಳಿಯುತ್ತಿತ್ತು. ಸಾರಿಸಿ ಮುಗಿದಾಗ ಅಳು ಇರಲಿಲ್ಲ. ಹಸಿವಾಗಿತ್ತು.

ಕೆಮ್ಮಣ್ಣನ್ನು ಹುಡುಗ ಹೇಳಿಕೊಟ್ಟ ಹಾಗೆ ಎರಡು ಸಲ ತೆಳ್ಳಗೆ ಬಳಿದೆ. ಚಿತ್ತಾರ ಮೂರು ಸಂಜೆ ಬರೆದೆ. ಅಮ್ಮನಷ್ಟು ಒತ್ತಾಗಿ ಬರಲಿಲ್ಲ. ಫೋಟೊ ನೋಡಿ ಬರೆಯಬಾರದು ಎಂದು ಮೊದಲೇ ಅಂದುಕೊಂಡಿದ್ದೆ, ಫೋನನ್ನು ಒಳಗೆ ಇಟ್ಟಿದ್ದೆ. ಎರಡು ಕಡೆ ಗೊಂಬೆ ಲೆಕ್ಕ ತಪ್ಪಿ ಜಾಗ ಉಳಿಯಿತು. ಅಲ್ಲಿ ಅಡಿಕೆ ಮರ ಬರೆದೆ.

ಹುಣ್ಣಿಮೆಯ ನಸುಕಿನಲ್ಲಿ ಅಣ್ಣ ಬುಟ್ಟಿ ಹೊತ್ತ. ಹಚ್ಚಂಬಲಿ, ಕಡುಬು, ಬುತ್ತಿ ಎಲ್ಲ ಅದರಲ್ಲಿ. 'ಭಾರ ಆಗೈತೆ ಈ ಸಲ' ಎಂದ. ಅತ್ತಿಗೆ ದೊಂದಿ ಹಿಡಿದು ಮುಂದೆ ಹೋದರು. ಅವನು ಗದ್ದೆಗೆ ಚರಗ ಬೀರುತ್ತ ಭೂಮಿತಾಯಿಯನ್ನು ಊಟಕ್ಕೆ ಕರೆಯುವುದು ಇತ್ತ ಬದುವಿನ ಮೇಲೆ ನಿಂತಿದ್ದ ನನಗೆ ಕೇಳುತ್ತಿತ್ತು.

ಶಾಲೆಯಲ್ಲಿ ಈಗ ಪ್ರತಿ ವರ್ಷ ನವರಾತ್ರಿಗೆ ಮೊದಲು ಎರಡು ವಾರ ಇದೇ ಕೆಲಸ. ದೀವರ ಮನೆಯ ಮಕ್ಕಳು ಮಾತ್ರ ಅಲ್ಲ, ಎಲ್ಲರೂ ಬರೆಯುತ್ತಾರೆ. ವರಾಂಡದ ಗೋಡೆಯ ಒಂದು ತುಂಡನ್ನು ಹೆಡ್ ಮಾಸ್ತರು ನಮಗೆ ಬಿಟ್ಟುಕೊಟ್ಟಿದ್ದಾರೆ. ಹಳೆಯ ಮಕ್ಕಳು ಬರೆದದ್ದರ ಮೇಲೆ ಹೊಸ ಮಕ್ಕಳು ಮಣ್ಣು ಬಳಿಯುತ್ತಾರೆ. ಮೊದಲ ವರ್ಷ ಇದಕ್ಕೆ ಜಗಳವೇ ಆಯಿತು. ಹತ್ತನೇ ಕ್ಲಾಸಿನವರು ತಮ್ಮದನ್ನು ಮುಚ್ಚಲು ಬಿಡಲಿಲ್ಲ. ನಾನು ಬೈಯಲಿಲ್ಲ. ನಮ್ಮ ಬುಟ್ಟಿಯ ಒಡೆದ ಅಂಚಿನ ಒಂದು ಚೂರನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ತಂದು ತೋರಿಸಿದೆ. ಪದರಗಳನ್ನು ಎಣಿಸಿ ಎಂದೆ. ಒಬ್ಬರು ಒಂಬತ್ತು ಎಂದರು, ಇನ್ನೊಬ್ಬರು ಹನ್ನೊಂದು. ಎಣಿಸುತ್ತಾ ಎಣಿಸುತ್ತಾ ಗಂಟೆ ಹೊಡೆಯಿತು.

ಈ ಸಲ ಗುರಿಗೆ ಕಾಯಿ ಜಾಸ್ತಿ ಬೇಕು. ಮಣ್ಣಿನ ಹುಡುಗ ಈಗ ಪಿಯುಸಿ ಮುಗಿಸಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾನೆ. ಭಾನುವಾರ ಬಂದು ಹುಡುಕಿಕೊಡುತ್ತೇನೆ ಎಂದಿದ್ದಾನೆ.