ಹಳೆ ಗಿಗಾಬೈಟ್ ಬೋರ್ಡಿಗೆ ಬಯೋಸ್ ಅಪ್‌ಡೇಟ್: ಭಾವನ ಅಂಗಡಿಯಲ್ಲಿ ಮಾಡಿದ ಹಾಗೆ

ತಿಪಟೂರಿನಲ್ಲಿ ನಮ್ಮ ಭಾವನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬ್ಯಾನರ್, ಬಿಲ್ ಬುಕ್ಕು. ಅಲ್ಲಿರುವುದು 2011ರ ಡೆಸ್ಕ್‌ಟಾಪ್: ಗಿಗಾಬೈಟ್ ಕಂಪನಿಯ ಎಚ್61 ಮದರ್‌ಬೋರ್ಡು, ಐ3-2100 ಪ್ರೊಸೆಸರ್. ದೊಡ್ಡ ಬ್ಯಾನರ್ ಫೈಲ್ ತೆರೆಯುವಷ್ಟರಲ್ಲಿ ಗಿರಾಕಿಗೆ ಬೇಸರ ಬರುತ್ತಿತ್ತು. ಹೊಸ ಕಂಪ್ಯೂಟರ್ ಬೇಡ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಐ5-3470 ತಂದು ಹಾಕೋಣ ಅಂದೆ. ಎರಡೂ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಒಂದೇ: 1155. ಆದರೆ ಆ ಐ5 ಬಂದಿದ್ದು 2012ರಲ್ಲಿ. ಬೋರ್ಡಿನಲ್ಲಿದ್ದ ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಪುಟ್ಟ ಸಾಫ್ಟ್‌ವೇರ್) ಅದಕ್ಕೂ ಹಳೆಯದು, ಅದಕ್ಕೆ ಇದರ ಗುರುತೇ ಇಲ್ಲ. ಸುಮ್ನೆ ಬದಲಾಯಿಸಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಬರುವುದಿಲ್ಲ. ಹಾಗಾಗಿ ಹಳೆ ಪ್ರೊಸೆಸರ್ ಕೂತಿರುವಾಗಲೇ ಬಯೋಸ್ ಕೆಲಸ ಮುಗಿಸಬೇಕು. ಇಂಥದ್ದೊಂದು ಕಾರಣ ಇಲ್ಲದಿದ್ದರೆ, ಚೆನ್ನಾಗಿ ನಡೆಯುತ್ತಿರುವ ಬಯೋಸ್ ಮುಟ್ಟಲೇಬೇಡಿ.

ಮೊದಲು ಬೋರ್ಡಿನ ಪೂರ್ತಿ ಹೆಸರು ಮತ್ತು ರಿವಿಷನ್ (ಅದೇ ಬೋರ್ಡಿನ ಎಷ್ಟನೇ ಆವೃತ್ತಿ ಅನ್ನುವುದು) ನೋಡಿಕೊಳ್ಳಿ. ಹೆಸರು ವಿಂಡೋಸ್‌ನ ಸಿಸ್ಟಮ್ ಇನ್ಫಾರ್ಮೇಶನ್‌ನಲ್ಲಿ ಸಿಗಬಹುದು, ಈಗಿರುವ ಬಯೋಸ್ ವರ್ಷನ್ನೂ ಅಲ್ಲೇ ಇರುತ್ತದೆ. ರಿವಿಷನ್ ಮಾತ್ರ ಬೋರ್ಡಿನ ಮೇಲೇ ಓದಬೇಕು. ಗಿಗಾಬೈಟ್‌ನಲ್ಲಿ ಅದು ಒಂದು ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ನಾನು ಪೇಂಟ್ ಬ್ರಷ್‌ನಿಂದ ಧೂಳು ಸರಿಸಿ, ಮೊಬೈಲ್ ಟಾರ್ಚ್ ಹಿಡಿದು ಓದಿದೆ. ಅದೇ ಹೆಸರಿನ ಬೋರ್ಡಿಗೆ ರಿವಿಷನ್ ಬದಲಾದರೆ ಬಯೋಸ್ ಫೈಲೇ ಬೇರೆ ಇರಬಹುದು. ಇಲ್ಲಿ ಅಂದಾಜು ನಡೆಯುವುದಿಲ್ಲ.

ಕಂಪನಿಯ ಸೈಟಿನಲ್ಲಿ ಸಿಪಿಯು (ಪ್ರೊಸೆಸರ್) ಪಟ್ಟಿ ಇದೆ. ನಿಮ್ಮ ಪ್ರೊಸೆಸರ್‌ಗೆ ಯಾವ ವರ್ಷನ್‌ನಿಂದ ಆಗುತ್ತದೆ ಅಂತ ಅದರಲ್ಲಿ ನೋಡಿ. ಮೊದಲು ಇಂಥ ವರ್ಷನ್ ಹಾಕಿ ಅಂತ ಬರೆದಿದ್ದರೆ ಅದೇ ಕ್ರಮದಲ್ಲಿ ಹೋಗಿ.

ಈಗ ಕರೆಂಟಿನ ವಿಷಯ. ಹಿಂದೆ ಪಕ್ಕದ ಮನೆ ಹುಡುಗನ ಕಂಪ್ಯೂಟರ್‌ಗೆ ಇದೇ ಕೆಲಸ ಮಾಡುವಾಗ ಅರ್ಧದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಸತ್ತಿತ್ತು. ಬೋರ್ಡ್ ಮತ್ತೆ ಏಳಲಿಲ್ಲ. ಅವನ ಪ್ರಾಜೆಕ್ಟ್ ಸಬ್ಮಿಷನ್ ವಾರವದು. ಆ ಮುಖ ಇನ್ನೂ ನೆನಪಿದೆ. ಅಂದಿನಿಂದ ಮೊದಲು ಯುಪಿಎಸ್ ಪರೀಕ್ಷೆ. ಕಂಪ್ಯೂಟರ್ ಆನ್ ಇರುವಾಗ ಯುಪಿಎಸ್‌ಗೆ ಬರುವ ಗೋಡೆ ಸ್ವಿಚ್ ಆಫ್ ಮಾಡಿ, ಗಡಿಯಾರ ನೋಡಿ. ಹತ್ತು ನಿಮಿಷ ತಡೆದರೆ ಮುಂದುವರಿಯಿರಿ. ತಡೆಯದಿದ್ದರೆ ಆ ದಿನ ಬೇಡ.

ಪೆನ್ ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಆ ಸೈಟಿನಿಂದ ಇಳಿಸಿಕೊಂಡ ಬಯೋಸ್ ಫೈಲನ್ನು ಅನ್‌ಜಿಪ್ ಮಾಡಿ ಅದಕ್ಕೆ ಹಾಕಿ. ಅದನ್ನು ಹಿಂದುಗಡೆಯ ಕಪ್ಪು ಯುಎಸ್‌ಬಿಗೆ ಚುಚ್ಚಿ. ವಿಂಡೋಸ್ ಒಳಗಿಂದ ಅಪ್‌ಡೇಟ್ ಮಾಡುವ ಸಾಫ್ಟ್‌ವೇರ್ ಇದೆ, ನಾನು ಬಳಸುವುದಿಲ್ಲ. ಮಧ್ಯೆ ವಿಂಡೋಸ್ ಹ್ಯಾಂಗ್ ಆದರೆ ಬೋರ್ಡಿಗೇ ಪೆಟ್ಟು, ಅಲ್ವಾ?

ಕಂಪ್ಯೂಟರ್ ರೀಸ್ಟಾರ್ಟ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ, ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಸಾಟಾ ಮೋಡ್ (ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಇರುವ ಪುಟ ತಪ್ಪಿಸಬೇಡಿ. ಆಮೇಲೆ ಎಫ್8 ಒತ್ತಿದರೆ ಬಯೋಸ್ ಬದಲಿಸುವ ಗಿಗಾಬೈಟ್‌ನದೇ ಸಾಧನ ಕ್ಯೂ-ಫ್ಲ್ಯಾಶ್ ತೆರೆಯುತ್ತದೆ. ಮೊದಲು ಹಳೆ ಬಯೋಸ್ ಅನ್ನೇ ಪೆನ್ ಡ್ರೈವ್‌ಗೆ ಸೇವ್ ಮಾಡಿ. ನಂತರ ಅಪ್‌ಡೇಟ್ ಆರಿಸಿ, ಹೊಸ ಫೈಲ್ ತೋರಿಸಿ. ಎಷ್ಟು ಕೆಲಸ ಆಯಿತೆಂದು ತೋರಿಸುವ ಪಟ್ಟಿ ಸ್ಕ್ರೀನಿನಲ್ಲಿ ತುಂಬುವಾಗ ಕೀಬೋರ್ಡ್, ಮೌಸ್, ಪೆನ್ ಡ್ರೈವ್ ಏನನ್ನೂ ಮುಟ್ಟಬೇಡಿ. ಕೆಲವೇ ನಿಮಿಷದ ಕೆಲಸ. ಭಾವ ಅಷ್ಟೂ ಹೊತ್ತು ಅಂಗಡಿ ಬಾಗಿಲಲ್ಲೇ ನಿಂತು, ಮಕ್ಕಳು ಒಳಗೆ ಬರದ ಹಾಗೆ ನೋಡಿಕೊಂಡರು.

ರೀಸ್ಟಾರ್ಟ್ ಆದ ಮೇಲೆ ಬಯೋಸ್‌ಗೆ ಹೋಗಿ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಲೋಡ್ ಮಾಡಿ, ಫೋಟೋ ನೋಡಿಕೊಂಡು ಬೇಕಾದದ್ದನ್ನು ಹಿಂದಿನಂತೆ ಇಡಿ. ನಮ್ಮಲ್ಲಿ ಎಎಚ್‌ಸಿಐ ಇದ್ದ ಸಾಟಾ ಮೋಡ್ ಹಳೆ ಬಗೆಯ ಐಡಿಇಗೆ ಹೋಗಿತ್ತು. ಹಾಗೇ ಬಿಟ್ಟಿದ್ದರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸುತ್ತಿತ್ತು, ಹಾರ್ಡ್ ಡಿಸ್ಕ್ ಹೋಯಿತು ಅಂತ ಜನ ಗಾಬರಿಯಾಗುವುದು ಇಲ್ಲೇ. ದಿನಾಂಕ, ಸಮಯವೂ ನಿಲ್ಲದಿದ್ದರೆ ಬೋರ್ಡಿನ ಸಿಆರ್2032 ಶೆಲ್ ಬದಲಾಯಿಸಿ.

ಹಳೆ ಪ್ರೊಸೆಸರ್‌ನಲ್ಲೇ ವಿಂಡೋಸ್ ಒಮ್ಮೆ ಪೂರ್ತಿ ಬರಲಿ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಐ5 ಕೂರಿಸಿ. ಸಾಕೆಟ್ಟಿನ ಪಿನ್ನುಗಳಿಗೆ ಬೆರಳು ತಾಗಬಾರದು. ಪ್ರೊಸೆಸರ್ ಮೇಲೆ ಹೊಸ ಥರ್ಮಲ್ ಪೇಸ್ಟ್ (ಶಾಖ ಸಾಗಿಸುವ ಪೇಸ್ಟ್) ಕಡಲೆಕಾಳಿನಷ್ಟು ಸಾಕು. ನಾವು ಆನ್ ಮಾಡಿದಾಗ ಮೊದಲ ಸ್ಕ್ರೀನಿನಲ್ಲೇ ಐ5-3470 ಅಂತ ಬಂತು. ಭಾವ ಆಗಲೇ ಬ್ಯಾನರ್ ಫೈಲ್ ಹುಡುಕುತ್ತಿದ್ದರು.