ಬಿಸಿಜಿ ಹಾಕಿದ ಕರುವಿನ ಕುತ್ತಿಗೆಯ ಗಂಟು

ದನಗಳ ಕ್ಷಯಕ್ಕೆ ಬಿಸಿಜಿ ಲಸಿಕೆಯನ್ನು ಪ್ರಯೋಗಿಸಿ ನೋಡುತ್ತಿದ್ದ ಕೊಟ್ಟಿಗೆಯೊಂದರಲ್ಲಿ ಚರ್ಮ ಪರೀಕ್ಷೆಯ ಹೊಣೆ ನನ್ನದಾಗಿತ್ತು. ಮೊದಲ ಸುತ್ತಿನಲ್ಲಿಯೇ ಒಂದು ಹೆಣ್ಣುಗರುವಿನ ಕುತ್ತಿಗೆಯ ಮೇಲೆ ಗಂಟು ಎದ್ದಿತು. ಕ್ಷಯ ಪರೀಕ್ಷೆಯ ಮದ್ದಾದ ಟ್ಯೂಬರ್ಕ್ಯುಲಿನ್ ಚುಚ್ಚಿ 72 ಗಂಟೆ ಕಳೆದಿತ್ತು. ದಪ್ಪ ಅಳೆಯುವ ಕ್ಯಾಲಿಪರಿನಲ್ಲಿ ನೋಡಿದಾಗ ಅಲ್ಲಿನ ಚರ್ಮ, ಸೋಂಕು ತಗುಲಿದ ಹಸುವಿನಲ್ಲಿ ಹೇಗೆ ದಪ್ಪವಾಗುತ್ತದೆಯೋ ಹಾಗೆಯೇ ದಪ್ಪವಾಗಿತ್ತು. ಆ ಕರುವಿಗೆ ಲಸಿಕೆ ಹಾಕಿ ಕೆಲವೇ ತಿಂಗಳಾಗಿತ್ತು. ಗಂಟು ಲಸಿಕೆಯದೋ ರೋಗದ್ದೋ ಎಂಬುದನ್ನು ಆ ಅಳತೆ ನನಗೆ ಹೇಳಲಾರದಾಗಿತ್ತು.

ಇದಕ್ಕೆ ಕಾರಣ ಲಸಿಕೆಯ ಹುಟ್ಟಿನಲ್ಲಿಯೇ ಇದೆ. ವಿಜ್ಞಾನಿಗಳಾದ ಕ್ಯಾಲ್ಮೆಟ್ ಮತ್ತು ಗೆರಾನ್ ಫ್ರಾನ್ಸಿನ ಲಿಲ್ ನಗರದಲ್ಲಿ 1908ರಿಂದ 13 ವರ್ಷ ಸತತವಾಗಿ ಬೆಳೆಸಿ ಬಲಗುಂದಿಸಿದ್ದು ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನೇ. ಟ್ಯೂಬರ್ಕ್ಯುಲಿನ್‌ನಲ್ಲಿರುವುದು ಅದೇ ಬ್ಯಾಕ್ಟೀರಿಯಾದ ಹಲವು ಪ್ರೋಟೀನುಗಳ ಮಿಶ್ರಣ. ಆದ್ದರಿಂದ ಲಸಿಕೆ ಪಡೆದ ಕರುವಿನ ದೇಹ ಅದನ್ನು ಗುರುತು ಹಿಡಿಯುವುದು ಸಹಜ. ಆದರೆ ಬಲಗುಂದುವ ಹಾದಿಯಲ್ಲಿ ಬಿಸಿಜಿ ತನ್ನ ವಂಶವಾಹಿಗಳ ಸರಣಿಯಲ್ಲಿ ಆರ್‌ಡಿ1 ಎಂಬ ತುಣುಕನ್ನು ಕಳೆದುಕೊಂಡಿತು. ಇಸಾಟ್-6 ಮತ್ತು ಸಿಎಫ್‌ಪಿ-10 ಪ್ರೋಟೀನುಗಳು ಆ ತುಣುಕಿನವು. ಆರ್‌ವಿ3615ಸಿ ಎಂಬ ಮೂರನೆಯದರ ವಂಶವಾಹಿ ಬಿಸಿಜಿಯಲ್ಲಿ ಉಳಿದಿದ್ದರೂ, ಅದನ್ನು ಹೊರಗೆ ಸ್ರವಿಸುವ ವ್ಯವಸ್ಥೆಯ ಭಾಗ ಆರ್‌ಡಿ1ರ ಜೊತೆಗೇ ಹೋಗಿದೆ. ಹಾಗಾಗಿ ಲಸಿಕೆ ಮಾತ್ರ ಪಡೆದ ದೇಹಕ್ಕೆ ಈ ಮೂರರ ಪರಿಚಯವಿರದು; ಇವಕ್ಕೆ ಚರ್ಮ ಊದಿಕೊಂಡರೆ ಅದು ಲಸಿಕೆಯಿಂದ ಬಂದ ಊತವಲ್ಲ.

ಟ್ಯೂಬರ್ಕ್ಯುಲಿನ್ ಕೊಟ್ಟ ಮೇಲೆ ಚರ್ಮದ ಪ್ರತಿಕ್ರಿಯೆ ಕೆಲಕಾಲ ಮಂಕಾಗಿರುವುದರಿಂದ 60 ದಿನ ಕಾದು, ಈ ಮೂರು ಪ್ರೋಟೀನುಗಳ ಪೆಪ್ಟೈಡುಗಳಿಂದ, ಅಂದರೆ ಚಿಕ್ಕ ತುಣುಕುಗಳಿಂದ, ಪರೀಕ್ಷೆಯನ್ನು ಮತ್ತೆ ಮಾಡಿದೆ. ಕುತ್ತಿಗೆಯ ನಡುಭಾಗದ ಕೂದಲು ಬೋಳಿಸಿ, ಚರ್ಮದ ಮಡಿಕೆಯ ದಪ್ಪ ಬರೆದುಕೊಂಡು, 0.1 ಮಿಲಿಲೀಟರ್ ದ್ರಾವಣವನ್ನು ಚರ್ಮದ ಪದರದೊಳಗೇ ಬಿಟ್ಟೆ. ಬೆರಳಿಗೆ ಕಾಳಿನಂತೆ ಸಿಗದಿದ್ದರೆ ಮದ್ದು ಚರ್ಮದ ಕೆಳಗೆ ಇಳಿದಿದೆ ಎಂದೇ ಅರ್ಥ, ಆಗ ಓದಿದ ಫಲಿತಾಂಶಕ್ಕೆ ಬೆಲೆಯಿಲ್ಲ. ಮೂರು ದಿನದ ನಂತರ ಅಳೆದವನೂ ನಾನೇ, ಅದೇ ಕ್ಯಾಲಿಪರಿನಿಂದ, ಏಕೆಂದರೆ ಕೈ ಬದಲಾದರೆ ಒಂದೆರಡು ಮಿಲಿಮೀಟರ್ ಸುಲಭವಾಗಿ ಬದಲಾಗುತ್ತದೆ. ಸೋಂಕು ಖಚಿತವಾಗಿದ್ದ ಹಸುವೊಂದಕ್ಕೂ ಅದೇ ದ್ರಾವಣವನ್ನು ಕೊಟ್ಟಿದ್ದೆ. ಅದರ ಕುತ್ತಿಗೆ ಊದಿತು, ಕರುವಿನದು ಊದಲಿಲ್ಲ. ಆ ಹಸು ಇಲ್ಲದಿದ್ದರೆ, ಕರುವಿನ ಚರ್ಮ ಸುಮ್ಮನಿದ್ದದ್ದು ಸೋಂಕಿಲ್ಲದ್ದಕ್ಕೋ ದ್ರಾವಣ ಕೆಟ್ಟದ್ದಕ್ಕೋ ಎಂದು ನಾನು ಹೇಳಲಾಗುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಟ್ಯೂಬರ್ಕ್ಯುಲಿನ್‌ಗೆ ಊದಿದ ದನವನ್ನು ಕೊಲ್ಲುತ್ತಾರೆ. ಆದ್ದರಿಂದಲೇ ಅಲ್ಲಿ ಲಸಿಕೆಯ ಜೊತೆಗೆ ಈ ಬಗೆಯ ಪರೀಕ್ಷೆಯೂ ಬೇಕಾಯಿತು, 2021ರಲ್ಲಿ ಹರ್ಟ್‌ಫರ್ಡ್‌ಶೈರಿನಲ್ಲಿ ಕ್ಷೇತ್ರ ಪ್ರಯೋಗ ಆರಂಭವಾಯಿತು. ನಮ್ಮಲ್ಲಿ ಹಾಗೆ ಕೊಲ್ಲುವ ಪದ್ಧತಿ ಇಲ್ಲ. ಸೋಂಕಿನ ಹಸು ಕೊಟ್ಟಿಗೆಯಲ್ಲಿಯೇ ಉಳಿಯುವಾಗ ಪಕ್ಕದ ಕರುಗಳಿಗೆ ಲಸಿಕೆಯ ರಕ್ಷಣೆ ಹೆಚ್ಚು ಅಗತ್ಯ ಎಂದೇ ನಾನು ನಂಬಿದ್ದೇನೆ.

ಅದೇ ಕೊಟ್ಟಿಗೆಯ ಬಡಕಲು ಮುದಿ ಹಸುವೊಂದು ಎರಡೂ ಪರೀಕ್ಷೆಗೆ ಊದಲಿಲ್ಲ; ಸೋಂಕಿಲ್ಲವೆಂದು ಬರೆದೆ. ಅದು ಸತ್ತ ಮೇಲೆ ಎದೆ ತೆರೆದು ನೋಡಿದಾಗ ಶ್ವಾಸಕೋಶದ ತುಂಬ ಗಿಣ್ಣಿನಂಥ ಗಂಟುಗಳಿದ್ದವು. ರೋಗ ಬಲಿತ ದನದಲ್ಲಿ ಚರ್ಮ ಉತ್ತರ ಕೊಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂಬುದನ್ನು ನಾನು ಓದಿದ್ದೆ, ಆದರೂ ಆ ಹಸುವನ್ನು ನೋಡುವಾಗ ನೆನಪಿಸಿಕೊಳ್ಳಲಿಲ್ಲ. ಅಂದಿನಿಂದ ದನ ಸೊರಗಿದ್ದರೆ, ಕೆಮ್ಮುತ್ತಿದ್ದರೆ, ಕ್ಯಾಲಿಪರ್ ಏನೇ ಹೇಳಿದರೂ ಅದನ್ನು ಕರುಗಳಿಂದ ಬೇರೆ ಕಟ್ಟಿಸುತ್ತೇನೆ.